ಆಯಮ್ಮನ ಸೇಡು, ನನ್ನ ಶಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಯಮ್ಮನ ಸೇಡನ್ನು ಕೆಡಿಸಿದವನು ನಾನು. ಅವಳು ವರ್ಷವಿಡೀ ಕಾದು, ಒಂದೊಂದೇ ಮಾತನ್ನು ಆರಿಸಿ, ನನ್ನ ಬಾಯಲ್ಲಿಟ್ಟು ವೇದಿಕೆಗೆ ಕಳಿಸಿದ್ದಳು. ನಾನು ಹತ್ತಿದೆ, ಚಪ್ಪಾಳೆ ಬಿತ್ತು, ಆಮೇಲೆ ಚಪ್ಪಾಳೆ ಕರೆದ ಕಡೆಗೆಲ್ಲ ಬಾಲ ಅಲ್ಲಾಡಿಸಿಕೊಂಡು ಓಡಿದೆ. ಮಿಮಿಕ್ರಿ ಮಾಡುವವನಿಗೆ ಹತ್ತಾರು ಗಂಟಲುಗಳಿರುತ್ತವೆ, ತಲೆ ಮಾತ್ರ ಬಾಡಿಗೆಗೂ ಸಿಗುವುದಿಲ್ಲ.

ಇದೆಲ್ಲ ನೆನಪಾದದ್ದು ಹೋದ ತಿಂಗಳು, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯ ಮಸಾಲೆ ಅಂಗಡಿಯಲ್ಲಿ. ಹಲಸೂರಿನ ನನ್ನ ರೂಮಿನಲ್ಲಿ ಗೆಳೆಯರೆಲ್ಲ ಸೇರಿ ಬಿರಿಯಾನಿ ಮಾಡುವುದೆಂದು ತೀರ್ಮಾನವಾಗಿ, ಸಾಮಾನು ತರುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅಂಗಡಿಯ ಸಾಹೇಬರು ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಕಲ್ಲುಹೂವು. ಸುಟ್ಟ ಕಾಗದದ ಚೂರಿನಂತೆ ಕಾಣುವ, ಸುರುಟಿಕೊಂಡ ಮಸಾಲೆ. ಪೇಟೆಯವರಿಗೆ ಅದು ಕಲ್ಲುಹೂವು. ತಿತಿಮತಿ ಕಡೆಯ ನಮ್ಮ ಜೇನುಕುರುಬರ ಹಾಡಿಗಳಲ್ಲಿ ಅದು ಪಾಚಿ, ಮರದ ತೊಗಟೆಯಿಂದ ಕೆರೆದು ತಂದು ಒಣಗಿಸುವ ಪಾಚಿ. ಒದ್ದೆ ಮರ, ಹೊಗೆ, ಹಳೆಯ ಕಂಬಳಿ, ಎಲ್ಲವೂ ಆ ಡಬ್ಬಿಯಿಂದ ಒಟ್ಟಿಗೆ ಎದ್ದು ಬಂದವು... ಆಯಮ್ಮನ ಸೆರಗಿನ ವಾಸನೆ. ಅವಳ ಸೆರಗಿನ ಗಂಟಿನಲ್ಲಿ ಯಾವಾಗಲೂ ಒಂದು ಹಿಡಿ ಪಾಚಿ ಇರುತ್ತಿತ್ತು. ಅಡುಗೆಗಲ್ಲ, ಮೂಸುವುದಕ್ಕೆ.

"ಮೂಸೋಕೆ ಬಿಲ್ ಇಲ್ಲ ಭಾಯ್," ಎಂದರು ಸಾಹೇಬರು. "ಆದ್ರೆ ಮೂಗು ಪೂರಾ ಡಬ್ಬಿ ಒಳಗೆ ಹಾಕ್ಬೇಡಿ. ಬೇರೆ ಗಿರಾಕಿನೂ ಬಿರಿಯಾನಿ ತಿನ್ಬೇಕು."

ನಾನು ಬೇಕಾದದ್ದಕ್ಕಿಂತ ಹೆಚ್ಚೇ ಕಟ್ಟಿಸಿಕೊಂಡು ಬಂದೆ. ಬಿರಿಯಾನಿ ಕಹಿಯಾಯಿತು. ಗೆಳೆಯರು ಬೈದ ಬೈಗುಳಗಳನ್ನು ಕೇಳಿದ್ದರೆ ಆಯಮ್ಮ ಮೂಗು ಮುರಿಯುತ್ತಿದ್ದಳು. ಬೈಗುಳದ ವಿಷಯದಲ್ಲಿ ಅವಳ ಮಟ್ಟವೇ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಕೆ.ಆರ್. ಪುರದಲ್ಲಿ, ರೈಲು ಹಳಿಯ ಆಚೆಗೆ, ಮೂರಂತಸ್ತಿನ ಒಂದು ಕಟ್ಟಡವಿತ್ತು. ಒಂದು ಟ್ರಸ್ಟಿನವರು ಕಾಡಂಚಿನ ಹಾಡಿಗಳಿಂದ ಮಕ್ಕಳನ್ನು ಕರೆತಂದು ಅಲ್ಲಿ ಇರಿಸಿಕೊಂಡು ಓದಿಸುತ್ತಿದ್ದರು. ನಾನು ಐದನೇ ಕ್ಲಾಸಿಗೆ ಅಲ್ಲಿ ಬಂದು ಬಿದ್ದೆ. ಮಕ್ಕಳಿಗೆ ತಲೆ ಬಾಚುವುದು, ಜ್ವರ ಬಂದರೆ ಹಣೆ ಮುಟ್ಟಿ ನೋಡುವುದು, ಅಡುಗೆಮನೆಯಲ್ಲಿ ಮುದ್ದೆ ತಿರುವುವುದು, ಎಲ್ಲ ಆಯಮ್ಮನದೇ. ಅವಳೂ ನಮ್ಮವಳೇ. ಹುಲಿಗೆ ಕಾಡು ಬೇಕೆಂದು ಮನುಷ್ಯರನ್ನು ಹೊರಗೆ ಕಳಿಸಿದ ಕಾಲದಲ್ಲಿ, ತಾಯಿಯ ಸೊಂಟದ ಮೇಲೆ ಕೂತು ಕಾಡಿನಿಂದ ಈಚೆ ಬಂದವಳು. ಬೆಳೆದದ್ದು ಕಾಫಿ ತೋಟದ ಲೈನ್ ಮನೆಯಲ್ಲಿ. ಹುಟ್ಟಿದ ಜಾಗಕ್ಕೆ ಹೋಗಬೇಕೆಂದರೆ ಗೇಟಿನಲ್ಲಿ ಟಿಕೆಟ್ ಕೊಳ್ಳಬೇಕು ಎಂದು ನಗುತ್ತಿದ್ದಳು. ಅವಳ ನಗು ಬಾಯಿಗೆ ಬರುತ್ತಿರಲಿಲ್ಲ, ಮೂಗಿನಲ್ಲೇ ಮುಗಿಯುತ್ತಿತ್ತು. ನಾನು ಎಷ್ಟು ಪ್ರಯತ್ನಪಟ್ಟರೂ ಆ ನಗು ನನಗೆ ಬರಲಿಲ್ಲ.

ಅವಳನ್ನು ಟ್ರಸ್ಟಿನವರು ಕೆಲಸಕ್ಕೆ ಇಟ್ಟುಕೊಂಡದ್ದು ಮುದ್ದೆಗಾಗಿ ಅಲ್ಲ. ಹಾಡಿಯ ತಾಯಂದಿರು ಅಪರಿಚಿತರ ಕೈಗೆ ಮಕ್ಕಳನ್ನು ಕೊಡುವವರಲ್ಲ. ಜೀಪು ಬಂದರೆ ಮಕ್ಕಳನ್ನು ಎಳೆದುಕೊಂಡು ಗಿಡಗಳ ಮರೆಗೆ ಹೋಗುತ್ತಿದ್ದರು. ಹಾಗಾಗಿ ಜೀಪಿನ ಮುಂದಿನ ಸೀಟಿನಲ್ಲಿ ಆಯಮ್ಮನನ್ನು ಕೂರಿಸಿಕೊಂಡು ಬರತೊಡಗಿದರು. ಅವಳು ಇಳಿದು, ನಮ್ಮ ಮಾತಿನಲ್ಲಿ "ನಾನಿದ್ದೀನಿ, ನೋಡ್ಕೋತೀನಿ" ಎಂದರೆ ಮುಗಿಯಿತು. ನನ್ನವ್ವನೂ ಆ ಮಾತಿಗೇ ನನ್ನನ್ನು ಬಿಟ್ಟುಕೊಟ್ಟದ್ದು. ನನ್ನ ಗಲಾಟೆ ತಡೆಯಲಾರದೆ ಖುಷಿಯಿಂದಲೇ ಕೊಟ್ಟಿರಲೂಬಹುದು.

ಟ್ರಸ್ಟಿನ ಕಾರ್ಯದರ್ಶಿಯನ್ನು ನಾವು ಸೆಕ್ರೆಟರಿ ಸರ್ ಎನ್ನುತ್ತಿದ್ದೆವು. ಬೆಳ್ಳಗಿನ ಜುಬ್ಬಾ, ಮೆತ್ತಗಿನ ಧ್ವನಿ. ಯಾರ ಮೇಲೂ ಕೂಗಿದವರಲ್ಲ. ಏನೇ ಹೇಳಬೇಕಾದರೂ ಮೊದಲು ಮೂಗಿನ ಪಕ್ಕ ಬೆರಳಿನಿಂದ ಒಮ್ಮೆ ಉಜ್ಜಿಕೊಂಡು "ಪಾಪ" ಎನ್ನುತ್ತಿದ್ದರು. "ಪಾಪ, ಕಾಡಿನ ಮಕ್ಕಳು." "ಪಾಪ, ಇವರಿಗೆ ಗಣಿತ ಹತ್ತಲ್ಲ." "ಪಾಪ, ಇವತ್ತು ಮೊಟ್ಟೆ ಬಂದಿಲ್ಲ." ಅವರು ಒಮ್ಮೆ ಪಾಪ ಎಂದರೆ ನಮ್ಮ ಪಾಲಿನ ಏನೋ ಒಂದು ಹೋಯಿತು ಎಂದೇ ಅರ್ಥ.

ಆ 'ಪಾಪ'ವನ್ನು ನಾನು ಕಲಿತೆ. ಅದಕ್ಕೂ ಮೊದಲು ಕಾಡಾನೆ, ನವಿಲು, ಕೆ.ಆರ್. ಪುರ ಸ್ಟೇಷನ್ನಿನ ಮೂರು ಭಾಷೆಯ ಅನೌನ್ಸ್‌ಮೆಂಟು, ಗಣಿತದ ಮೇಷ್ಟ್ರ ಕೆಮ್ಮು, ಇವೆಲ್ಲ ನನ್ನ ಬಳಿ ಇದ್ದವು. ಇವುಗಳಿಗೆಲ್ಲ ಒಬ್ಬಳು ಪರೀಕ್ಷಕಿಯಿದ್ದಳು. ಆಯಮ್ಮನ ದೊಡ್ಡಕ್ಕನ ಮೊಮ್ಮಗಳು, ನನ್ನದೇ ಕ್ಲಾಸು. ಆಯಮ್ಮ ಅವಳನ್ನು 'ಕೂಸು' ಎನ್ನುತ್ತಿದ್ದುದರಿಂದ ಇಡೀ ಹಾಸ್ಟೆಲ್ಲಿಗೆ ಅವಳು ಕೂಸು. ಅಡುಗೆಮನೆಯ ಒಲೆಯ ಪಕ್ಕದಲ್ಲಿ ಮಂಡಿ ಮಡಚಿ ಕೂತು ತೀರ್ಪು ಕೊಡುತ್ತಿದ್ದಳು.

"ನಿನ್ನ ಆನೆಗೆ ನೆಗಡಿ ಆಗಿದೆ."

"ಸೆಕ್ರೆಟರಿ ಸರ್ ಹೆಂಗಿದ್ರು ಹೇಳು."

"ಪಾಪ ಅನ್ನೋ ಮೊದ್ಲು ಮೂಗು ಉಜ್ಬೇಕು. ನೀನು ಆಮೇಲೆ ಉಜ್ಜಿದೆ. ಮತ್ತೆ ಮಾಡು."

ಮತ್ತೆ ಮಾಡುತ್ತಿದ್ದೆ. ಅವಳು ನಕ್ಕರೆ ಆ ಧ್ವನಿ ಪಾಸು. ಇವತ್ತು ಸ್ಟುಡಿಯೋದಲ್ಲಿ ಡಬ್ಬಿಂಗ್ ಮಾಡುವಾಗ ಗಾಜಿನ ಆಚೆಯವರು ಎಷ್ಟೇ 'ಸೂಪರ್ ಗುರು' ಎಂದರೂ ನನಗೆ ನಂಬಿಕೆ ಬರುವುದಿಲ್ಲ. ಒಲೆಯ ಪಕ್ಕದಿಂದ ಪಾಸು ಆಗಿಲ್ಲವಲ್ಲ ಅನ್ನಿಸುತ್ತದೆ...

ಇನ್ನು ಬೈಗುಳದ ವಿಷಯ. ನಮ್ಮ ಕಡೆ ಮೇ ತಿಂಗಳಲ್ಲಿ ಕುಂಡೆ ಹಬ್ಬ ಎಂದು ಆಗುತ್ತದೆ. ಕುಂಡೆ ಎಂದರೆ ಏನೆಂದು ಕನ್ನಡ ಬಲ್ಲವರಿಗೆ ನಾನು ಹೇಳಬೇಕಿಲ್ಲ. ದೇವರು ನಮ್ಮವರನ್ನು ಬೇಟೆಗೆಂದು ಕರೆದುಕೊಂಡು ಹೋಗಿ, ನಡುದಾರಿಯಲ್ಲಿ ದೇವಿಯೊಬ್ಬಳು ಸಿಕ್ಕಿದ ಕೂಡಲೇ ಇವರನ್ನು ಕಾಡಿನಲ್ಲೇ ಬಿಟ್ಟು ಅವಳ ಹಿಂದೆ ಹೊರಟುಹೋದನಂತೆ. ಆ ಸಿಟ್ಟಿಗೆ ವರ್ಷಕ್ಕೊಂದು ದಿನ ಹೆಣ್ಣಿನ ವೇಷ ಹಾಕಿ, ಡಬ್ಬ ಬಡಿಯುತ್ತಾ, ದೇವರಿಂದ ಹಿಡಿದು ತೋಟದ ಸಾಹುಕಾರನವರೆಗೆ ಎಲ್ಲರನ್ನೂ ಬಾಯಿಗೆ ಬಂದಂತೆ ಬೈಯುವುದು. ಆ ದಿನ ಯಾರೂ ಕೋಪ ಮಾಡಿಕೊಳ್ಳುವಂತಿಲ್ಲ. ಟ್ರಸ್ಟಿನವರು ನಮ್ಮನ್ನು ಪರೀಕ್ಷೆ ಮುಗಿದ ಮೇಲೆ ಒಂದು ವಾರ ಮಾತ್ರ ಊರಿಗೆ ಕಳಿಸಿ, ಮೇ ತಿಂಗಳಿಗೆ ಇಂಗ್ಲಿಷ್ ಕ್ಲಾಸ್ ಇಟ್ಟುಬಿಡುತ್ತಿದ್ದರು. ಹಾಗಾಗಿ ಆಯಮ್ಮ ಹಬ್ಬವನ್ನು ಹಾಸ್ಟೆಲ್ಲಿನ ತಾರಸಿಗೆ ತಂದಳು. ಪೇಂಟಿನ ಖಾಲಿ ಬಕೆಟ್ಟುಗಳೇ ವಾದ್ಯ. ಹುಡುಗರಿಗೆಲ್ಲ ಹುಡುಗಿಯರ ಲಂಗ.

ಅವಳು ಬಾಯಿ ತೆಗೆದರೆ ಕೆಳಗೆ ರಸ್ತೆಯಲ್ಲಿ ಹೋಗುವ ಆಟೋಗಳು ನಿಲ್ಲುತ್ತಿದ್ದವು. ಅವನ್ನು ಇಲ್ಲಿ ಬರೆದರೆ ಸಂಪಾದಕರು ಈ ಪುಟವನ್ನೇ ಹರಿದು ಹಾಕುತ್ತಾರೆ. ದೇವರು ಮುಗಿದ ಮೇಲೆ ಸಾಹುಕಾರ, ಆಮೇಲೆ ಸೆಕ್ರೆಟರಿ ಸರ್, ಆಮೇಲೆ ನಾವು. ನನಗೆ ಸಿಕ್ಕಿದ್ದರಲ್ಲಿ ಬರೆಯಬಹುದಾದದ್ದು ಇದೊಂದೇ: "ಏ ಕೋತಿ, ಊರೋರ್ದೆಲ್ಲ ದನಿ ತೆಗಿತೀಯ, ನಿಂದು ಎಲ್ಲಿ ಮಡಗಿದ್ದೀಯ? ಕುಂಡೆ ಅಡಿ ಮಡಿಕ್ಕಂಡು ಕೂತಿದ್ದೀಯಾ?"

ಹಬ್ಬಕ್ಕೆ ಒಂದು ಕಟ್ಟಳೆಯಿತ್ತು. ಅದನ್ನು ಅವಳು ಪ್ರತಿ ವರ್ಷ ಹೇಳುತ್ತಿದ್ದಳು. ಬೈಸಿಕೊಂಡವನು ಏನಾದರೂ ಕೊಡಬೇಕು. ಬೈದವನು ಈಸಿಕೊಳ್ಳಬೇಕು. ಒಂದು ಸಲ ಕೈಚಾಚಿ ಈಸಿಕೊಂಡರೆ ಆ ಮಾತು ಅಲ್ಲಿಗೆ ತೀರಿತು, ಮಾರನೇ ದಿನ ಎತ್ತುವಂತಿಲ್ಲ. ನಾನು ಬೈಸಿಕೊಂಡದ್ದಕ್ಕೆ ಕಡಲೆ ಮಿಠಾಯಿ ಕೊಟ್ಟೆ. ಆಯಮ್ಮ ಈಸಿಕೊಂಡು, ಅರ್ಧ ಮುರಿದು ಕೂಸಿನ ಬಾಯಿಗಿಟ್ಟಳು.

ಕೂಸು ಒಲೆಯ ಪಕ್ಕ ಕೂರುತ್ತಿದ್ದುದು ನನ್ನ ಮಿಮಿಕ್ರಿಯ ಮೇಲಿನ ಪ್ರೀತಿಗಲ್ಲ, ಚಳಿಗೆ. ಆಗಾಗ ಅವಳ ಕೈಕಾಲು ಗಂಟುಗಳಲ್ಲಿ ನೋವು ಕಿತ್ತುಕೊಳ್ಳುತ್ತಿತ್ತು. ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಾ ಕೂರುವಳು. ಸೆಕ್ರೆಟರಿ ಸರ್ ಮೂಗು ಉಜ್ಜಿಕೊಂಡು "ಪಾಪ, ಇದು ಪರೀಕ್ಷೆ ನೋವು" ಎಂದರು. ಆಯಮ್ಮ ಯಾರನ್ನೂ ಕೇಳದೆ ಬಸ್ಸು ಹತ್ತಿಸಿಕೊಂಡು ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ಪರೀಕ್ಷೆ ಮಾಡಿದ ಡಾಕ್ಟರಮ್ಮ ಆಯಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರಂತೆ. ರಕ್ತದ ಕಣ ದುಂಡಗಿರಬೇಕು, ಇವಳದು ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ನೋವಾಗುತ್ತದೆ. ಕಾಡಿನ ಜನರಲ್ಲಿ ಹೆಚ್ಚಾಗಿ ಕಾಣುತ್ತದೆ. ಮಾತ್ರೆ ತಪ್ಪಬಾರದು, ನೀರು ಚೆನ್ನಾಗಿ ಕುಡಿಯಬೇಕು, ಚಳಿ ತಾಗಬಾರದು. ನೋವು ಬಂದ ಕೂಡಲೇ ಕರೆತರಬೇಕು.

ಆಯಮ್ಮ ಇದನ್ನೆಲ್ಲ ಬಂದು ಒಪ್ಪಿಸಿದಳು. ಸೆಕ್ರೆಟರಿ ಸರ್ ಪೂರ್ತಿ ಕೇಳಿದರು. ಕೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕೇಳಿ ಹೇಳಿದರು: "ಪಾಪ. ನಿಮ್ಮ ಜನದ ರಕ್ತದಲ್ಲೇ ಇದೆ ಅಂದ್ರೆ ನಾವೇನು ಮಾಡೋಕಾಗುತ್ತೆ ಆಯಮ್ಮ?"

ಆ ಡಿಸೆಂಬರಿನಲ್ಲಿ, ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ವಾರ್ಷಿಕೋತ್ಸವ ನಡೆಯಿತು. ಇಂದಿರಾನಗರದ ಒಂದು ಬಯಲು ರಂಗಮಂದಿರ, ಮುಂದೆ ದಾನಿಗಳ ಸಾಲು. ನಮ್ಮದು ಪ್ರತಿ ವರ್ಷದಂತೆ 'ಕಾಡಿನ ನೃತ್ಯ'. ಶಿವಾಜಿನಗರದ ವೇಷಭೂಷಣದ ಅಂಗಡಿಯಿಂದ ಬಾಡಿಗೆಗೆ ತಂದ ಪ್ಲಾಸ್ಟಿಕ್ ಎಲೆಯ ಲಂಗ, ತಲೆಗೆ ಕೋಳಿ ಪುಕ್ಕ, ಮೈಗೆ ಬಿಳಿ ಚುಕ್ಕೆ. ಹೂ ಹೂ ಎಂದು ಕೂಗುತ್ತಾ ಕುಣಿಯಬೇಕು. ನಮ್ಮ ಹಾಡಿಯಲ್ಲಿ ಎಲೆ ಉಟ್ಟವರನ್ನು ನಾನು ಕಂಡಿಲ್ಲ. ಆನೆ ಶಿಬಿರದಲ್ಲಿದ್ದ ನನ್ನಜ್ಜ ಖಾಕಿ ಚಡ್ಡಿ ಹಾಕುತ್ತಿದ್ದ, ಅದಕ್ಕೆ ಇಸ್ತ್ರಿ ಇಲ್ಲವೆಂದು ಅಜ್ಜಿಯ ಮೇಲೆ ಕೂಗಾಡುತ್ತಿದ್ದ. ಆದರೂ ನಾನು ಎಲ್ಲರಿಗಿಂತ ಜೋರಾಗಿ ಹೂ ಹೂ ಎಂದೆ. ನನಗೆ ವೇದಿಕೆ ಸಿಕ್ಕರೆ ಸಾಕು, ಯಾರ ಮರ್ಯಾದೆ ಹೋದರೂ ಪರವಾಗಿಲ್ಲ, ಅದರಲ್ಲೂ ನನ್ನದು.

ವೇದಿಕೆಯ ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದಾಗ ಸಂಜೆ ಗಾಳಿ ಬೀಸತೊಡಗಿತು. ಕೂಸು ಮೈ ಮುದುಡಿಕೊಂಡು ನಿಂತಿದ್ದಳು. ಆಯಮ್ಮ ಸ್ವೆಟರ್ ತಂದು ಅವಳಿಗೆ ತೊಡಿಸಲು ಹೋದಳು. ಸೆಕ್ರೆಟರಿ ಸರ್ ನಡುವೆ ಬಂದು, ಕೂಸಿನ ಗಲ್ಲ ಮುಟ್ಟಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಪಾಪ, ಸ್ವೆಟರ್ ಬೇಕಂತೆ. ಕಾಡಿನವರು ಸ್ವೆಟರ್ ಹಾಕ್ತಾರಾ ಬಂಗಾರ? ಫೋಟೋದಲ್ಲಿ ಏನು ಕಾಣಬೇಕು ಹೇಳು?"

ಕೂಸು ಕುಣಿದಳು. ಇಳಿದು ಬಂದವಳ ಹಲ್ಲು ಕಟಕಟ ಎನ್ನುತ್ತಿತ್ತು. ಆಸ್ಪತ್ರೆಗೆ ಗಾಡಿ ಬೇಕೆಂದು ಆಯಮ್ಮ ಕೇಳಿದಳು. ಗಾಡಿ ಅತಿಥಿಗಳನ್ನು ಮನೆಗೆ ಬಿಡಲು ಹೋಗಿತ್ತು, ಬೆಳಿಗ್ಗೆ ನೋಡೋಣ ಎಂದರು. ಬೆಳಿಗ್ಗೆ ಆಯಮ್ಮನೇ ಆಟೋ ಮಾಡಿಕೊಂಡು ಹೊರಟಳು. ಅಷ್ಟರಲ್ಲಿ ನೋವು ಎದೆಗೆ ಹತ್ತಿ, ಕೂಸಿಗೆ ಉಸಿರು ಎಳೆಯಲು ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು...

ಹಾಡಿಗೆ ಕರೆದೊಯ್ಯಲು ಆಗ ಗಾಡಿ ಸಿಕ್ಕಿತು.

ಮಣ್ಣು ಮಾಡಿ ಬಂದ ಮೇಲೆ ಆಯಮ್ಮ ಅಳಲಿಲ್ಲ. ಒಲೆಯ ಪಕ್ಕದ ಆ ಜಾಗದಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ನಾನೊಮ್ಮೆ ತಿಳಿಯದೆ ಕೂತಾಗ ತೋಳು ಹಿಡಿದು ಎಬ್ಬಿಸಿದಳು. ಆಮೇಲೆ ಮುದ್ದೆ ಕಟ್ಟುತ್ತಾ, ನನಗೆ ಹೇಳಿದಳೋ ಮುದ್ದೆಗೆ ಹೇಳಿದಳೋ ತಿಳಿಯದಂತೆ ಹೇಳಿದಳು: "ಕಾಡಾನೆ ಹಿಡಿಯೋಕೆ ಸಾಕಿದ ಆನೆ ಬೇಕು ಕಣಾ. ನಾನು ಸಾಕಿದ ಆನೆ. ಅವ್ಳವ್ವನ ಸೆರಗಿಂದ ನಾನೇ ಬಿಡಿಸ್ಕೊಂಡ್ ಬಂದೆ. ನೋಡ್ಕೋತೀನಿ ಅಂದಿದ್ದೆ."

ಮುಂದಿನ ವರ್ಷದ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಅಚ್ಚಾಗಿ ಬಂತು. ಮುಖಪುಟದಲ್ಲಿ ಹಿಂದಿನ ವರ್ಷದ ಕಾಡಿನ ನೃತ್ಯ. ಮುಂದಿನ ಸಾಲಿನಲ್ಲಿ ಎಲೆ ಉಟ್ಟು, ಬಾಯಿ ತೆರೆದು ಕೂಗುತ್ತಿರುವ ಕೂಸು. ಅದನ್ನು ಆರಿಸಿದವರಿಗೆ ಅವಳು ಯಾರೆಂದು ನೆನಪಿರಲಿಲ್ಲ. ಅಥವಾ ನೆನಪಿದ್ದೂ ಫೋಟೋ ಚೆನ್ನಾಗಿ ಬಂದಿದೆ ಅನ್ನಿಸಿರಬೇಕು. ಆಯಮ್ಮ ಆ ಕಾಗದವನ್ನು ಹಿಟ್ಟಿನ ಕೈಯಲ್ಲೇ ಹಿಡಿದು ಬಹಳ ಹೊತ್ತು ನೋಡಿದಳು. ನನ್ನನ್ನು ಕರೆದಳು.

"ಕೋತಿ, ನಿನ್ನ ಬಾಯಿ ಬೇಕು."

ಆ ಸಲ ನನಗೊಬ್ಬನಿಗೇ ಒಂದು ಐಟಂ ಕೊಟ್ಟಿದ್ದರು, 'ಕಾಡಿನ ಧ್ವನಿಗಳು'. ಆಯಮ್ಮನ ಯೋಜನೆ ಸರಳವಾಗಿತ್ತು. ಆನೆ ಬೇಡ, ನವಿಲು ಬೇಡ. ವೇದಿಕೆ ಹತ್ತಬೇಕು, ಸೆಕ್ರೆಟರಿಯ ದನಿಯಲ್ಲಿ ಆ ಸ್ವೆಟರಿನ ಮಾತನ್ನು ಹೇಳಬೇಕು, ರಕ್ತದ ಮಾತನ್ನು ಹೇಳಬೇಕು, ಆಮೇಲೆ ನನ್ನ ಸ್ವಂತ ದನಿಯಲ್ಲಿ 'ಇದನ್ನು ಕೇಳಿಸಿಕೊಂಡವಳು ಸತ್ತಳು' ಎಂದು ಹೇಳಿ ಇಳಿಯಬೇಕು. ದಾನಿಗಳ ಮುಂದೆ, ಅವರದೇ ಮೈಕಿನಲ್ಲಿ. ಆ ಎರಡು ಮಾತುಗಳನ್ನೂ ಅವಳು ಅಕ್ಷರ ಬಿಡದೆ ಇಟ್ಟುಕೊಂಡಿದ್ದಳು. ಒಲೆಯ ಮುಂದೆ ನಿಲ್ಲಿಸಿ ದಿನಾ ಹೇಳಿಸಿದಳು. ನಾನು ಮೂಗನ್ನು ಆಮೇಲೆ ಉಜ್ಜಿದರೆ ಅವಳಿಗೆ ತಿಳಿಯುತ್ತಿರಲಿಲ್ಲ, ಅದನ್ನು ತಿದ್ದುವವಳು ಹೋಗಿದ್ದಳು. ನಾನೇ ತಿದ್ದಿಕೊಂಡೆ.

"ನಗಿಸ್ಬೇಡ," ಎಂದು ಮತ್ತೆ ಮತ್ತೆ ಹೇಳಿದಳು. "ಹೇಳು, ಇಳಿ. ಅಷ್ಟೇ."

ಅಷ್ಟೇ. ಅಷ್ಟು ಮಾಡಲು ನನ್ನಿಂದ ಆಗಲಿಲ್ಲ.

ಹತ್ತಿದೆ. ಮೈಕಿನ ಹಿಂದೆ ನಿಂತಾಗ ಮುಂದಿನ ಸಾಲಿನವರು ಸುಮ್ಮನೆ ನೋಡುತ್ತಿದ್ದರು. ಧೈರ್ಯಕ್ಕೆಂದು ಒಂದು ಸಣ್ಣ ಆನೆ ಬಿಟ್ಟೆ. ಚಪ್ಪಾಳೆ. ನವಿಲು ಬಿಟ್ಟೆ. ಇನ್ನೂ ಚಪ್ಪಾಳೆ. ರೈಲು ತಡವಾಗಿ ಬರುತ್ತಿದೆ ಎಂದು ಮೂರು ಭಾಷೆಯಲ್ಲಿ ಕ್ಷಮೆ ಕೇಳಿದೆ. ಜನ ಕುರ್ಚಿಯಿಂದ ಬೀಳುವಂತೆ ನಕ್ಕರು. ಮುಖ್ಯ ಅತಿಥಿ ಮೇಡಂ ಆಗತಾನೇ ಮಾಡಿದ ಭಾಷಣವನ್ನು ಅವರ ಧಾಟಿಯಲ್ಲೇ ಮಾಡಿದೆ, ಅವರೂ ಬಾಯಿಗೆ ಕರವಸ್ತ್ರ ಒತ್ತಿ ನಕ್ಕರು. ಆ ನಗುವಿನ ಬಿಸಿಯಲ್ಲೇ ಮೂಗು ಉಜ್ಜಿ "ಪಾಪ" ಎಂದೆ.

ಇಡೀ ಸಭೆ ಭೋರ್ಗರೆಯಿತು.

ಸ್ವೆಟರಿನ ಮಾತು ಹೇಳಿದೆ. ಒಂದಕ್ಷರ ತಪ್ಪಲಿಲ್ಲ. ಅದಕ್ಕೇ ಎಲ್ಲಕ್ಕಿಂತ ಜೋರು ನಗು ಬಂತು. ರಕ್ತದ ಮಾತಿಗೂ ನಕ್ಕರು. ಆಮೇಲಿನದನ್ನು, ನನ್ನ ದನಿಯಲ್ಲಿ ಹೇಳಬೇಕಾದದ್ದನ್ನು, ಹೇಳಲು ಬಾಯಿ ತೆರೆದೆ. ನನ್ನ ದನಿ ಯಾವುದೆಂದು ಆ ಹೊತ್ತಿನಲ್ಲಿ ಸಿಗಲಿಲ್ಲ... ಅಷ್ಟರಲ್ಲಿ ಸೆಕ್ರೆಟರಿ ಸರ್ ವೇದಿಕೆ ಹತ್ತಿ ಬಂದಿದ್ದರು. ನಗುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಅತಿಥಿಗಳಿಗೆಂದು ತಂದಿದ್ದ ಶಾಲುಗಳಲ್ಲಿ ಒಂದನ್ನು ನನ್ನ ಹೆಗಲಿಗೆ ಹೊದಿಸಿ ಮೈಕು ತೆಗೆದುಕೊಂಡರು. "ನೋಡಿ, ನಮ್ಮ ಮಕ್ಕಳಿಗೆ ನಾವು ಎಂಥ ಸ್ವಾತಂತ್ರ್ಯ ಕೊಟ್ಟಿದ್ದೀವಿ. ನನ್ನನ್ನೇ ಆಡಿಕೊಳ್ತಾರೆ, ಪಾಪ." ಮತ್ತೆ ನಗು. ನಾನು ಬಗ್ಗಿ ನಮಸ್ಕಾರ ಮಾಡಿದೆ. ಹೌದು, ಮಾಡಿದೆ.

ಪಕ್ಕದ ಪರದೆಯ ಹಿಂದೆ ಆಯಮ್ಮ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಶಾಲಿನ ಅಂಚು ಹಿಡಿದು ನೋಡಿ ಒಂದೇ ಮಾತು ಕೇಳಿದಳು.

"ಈಸ್ಕೊಂಡ್ಯಾ?"

ಅವರೇ ಹೊದಿಸಿದರು ಎಂದೆ. ನಾನು ಕೇಳಲಿಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿದಳು. "ಬೈದೆ. ಅವ್ನು ಕೊಟ್ಟ. ನೀನು ಈಸ್ಕೊಂಡೆ. ಹಬ್ಬ ಮಾಡ್ಬುಟ್ಟೆ ಕಣಾ ಕೋತಿ. ಅವ್ನಿಗೆ ತೀರೋಯ್ತು."

ಆಗ ನನಗೆ ಅರ್ಥವಾಯಿತು. ಬೈಸಿಕೊಂಡು, ನಕ್ಕು, ಒಂದು ಬಟ್ಟೆ ಕೊಟ್ಟು ಸೆಕ್ರೆಟರಿ ಸರ್ ಕೂಸಿನ ಸಾವಿನಿಂದ ಕೈ ತೊಳೆದುಕೊಂಡಿದ್ದರು, ಅದೂ ನಮ್ಮದೇ ಕಟ್ಟಳೆಯ ಪ್ರಕಾರ. ತೋಟದ ಸಾಹುಕಾರರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದೂ ಅದೇ ಎಂದು ಆಮೇಲೆ ಹೊಳೆಯಿತು. ಒಂದು ದಿನ ಬೈಸಿಕೊಂಡರೆ ವರ್ಷವಿಡೀ ನಿರಾಳ. ಆ ಶಾಲನ್ನು ನಾನು ಮಾರನೇ ದಿನ ಹಳಿಯ ಪಕ್ಕ ಎಸೆದೆ. ಎಸೆದರೆ ಏನು ಬಂತು, ಈಸಿಕೊಂಡದ್ದು ಈಸಿಕೊಂಡದ್ದೇ.

ಆಯಮ್ಮ ಆಮೇಲೆ ಆ ಮಾತೆತ್ತಲಿಲ್ಲ. ಮುದ್ದೆ ಕಟ್ಟಿದಳು, ತಲೆ ಬಾಚಿದಳು, ನಮ್ಮ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಯಲು ಬಿಟ್ಟಳು. ಸೋತಳು ಎಂದೇ ನಾನು ಅಂದುಕೊಂಡಿದ್ದೆ. ಏಪ್ರಿಲಿನ ಒಂದು ವಾರದ ರಜೆಗೆ ಊರಿಗೆ ಹೊರಡುವ ದಿನ ಎಲ್ಲರ ಟ್ರಂಕನ್ನೂ ಅವಳೇ ಕಟ್ಟಿಸಿದಳು. ರಜೆಗೆ ಹೋಗುವಾಗ ಟ್ರಂಕು ಹಾಸ್ಟೆಲ್ಲಿನಲ್ಲೇ ಇರುತ್ತಿತ್ತು. ಆ ಸಲ ತಟ್ಟೆ, ಲೋಟ, ಹೊದಿಕೆ, ಶಾಲೆಯಿಂದ ಈಸಿಕೊಂಡ ಟಿ.ಸಿ. ಕೂಡ ಒಳಗೆ ಹೋದವು. ಮಂಚಗಳ ಮೇಲೆ ಒಂದು ಚಿಂದಿಯೂ ಉಳಿಯಲಿಲ್ಲ. ಎರಡು ಟೆಂಪೋ ಬಂದು ನಿಂತವು.

ಆ ಮೇ ತಿಂಗಳಲ್ಲಿ ಸೆಕ್ರೆಟರಿ ಸರ್ ಜೀಪು ತೆಗೆದುಕೊಂಡು ಹಾಡಿ ಹಾಡಿ ಸುತ್ತಿದರು. ಮುಂದಿನ ಸೀಟು ಖಾಲಿ. ತಾಯಂದಿರು ಗಿಡಗಳ ಮರೆಗೆ ಹೋದರು. ದಾನಿಗಳು ಮಕ್ಕಳನ್ನು ನೋಡಲು ಕೆ.ಆರ್. ಪುರಕ್ಕೆ ಬಂದು ಖಾಲಿ ಮಂಚಗಳನ್ನು ನೋಡಿ ಹೋದರು, ಆಮೇಲೆ ಬರಲಿಲ್ಲ. ವರ್ಷ ತುಂಬುವುದರೊಳಗೆ ಹಾಸ್ಟೆಲ್ಲಿಗೆ ಬೀಗ ಬಿತ್ತು. ಈ ಸುದ್ದಿ ಕೇಳಿದ ದಿನ ನಾನು ಹಾಡಿಯ ಬಯಲಲ್ಲಿ ಆನೆಯ ಹಾಗೆ ಘೀಳಿಟ್ಟೆ. ನಿಜವಾದ ಆನೆ ಆಚೆಯಿಂದ ಉತ್ತರ ಕೊಟ್ಟಿತು, ಇಬ್ಬರೂ ಹೆದರಿ ಸುಮ್ಮನಾದೆವು.

ಇದಕ್ಕೆ ಯಾರೂ ಬೆಲೆ ತೆರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಯಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿರದ ಆಶ್ರಮ ಶಾಲೆಗೆ ಕರೆದುಕೊಂಡು ಹೋಗಿ ಹೆಡ್‌ಮಾಸ್ಟರ ಬಾಗಿಲಲ್ಲಿ ಕೂತಳು. ಎಲ್ಲರಿಗೂ ರಕ್ತ ಪರೀಕ್ಷೆ ಮಾಡಿಸಿದಳು, ಇನ್ನೂ ಕೆಲವರಿಗೆ ಆ ಕುಡುಗೋಲು ಇರುವುದು ಗೊತ್ತಾಗಿ ಮಾತ್ರೆ ಶುರುವಾಯಿತು. ಆದರೂ ಕೆಲವರು ಮತ್ತೆ ಪುಸ್ತಕ ಮುಟ್ಟಲಿಲ್ಲ, ಕಾಫಿ ಕೊಯ್ಲಿಗೆ ಹೋದರು. ನನ್ನ ಪಕ್ಕದ ಮಂಚದವನು ಇವತ್ತು ಆನೆ ಶಿಬಿರದಲ್ಲಿದ್ದಾನೆ, ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದವನು, ಹಾಸ್ಟೆಲ್ಲಿನಲ್ಲಿದ್ದುಕೊಂಡೇ ಪಿಯುಸಿ ಓದಬೇಕೆಂದಿದ್ದವನು. ಸಿಕ್ಕಾಗಲೆಲ್ಲ "ನಿನ್ನ ಶಾಲು ನನ್ನ ಪಿಯುಸಿ ತಿಂತು ಮಗಾ" ಎನ್ನುತ್ತಾನೆ. ನಗುತ್ತಲೇ ಹೇಳುತ್ತಾನೆ. ಆಯಮ್ಮನಿಗೆ ಈ ನಷ್ಟ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು. ಅವಳನ್ನು ದೊಡ್ಡ ಮನಸ್ಸಿನವಳೆಂದು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಅವಳು ಕ್ಷಮಿಸಲಿಲ್ಲ. ನನಗೆ ಅವಳು ಇಷ್ಟವಾಗಿದ್ದು ಅದಕ್ಕೇ.

ಆ ಕಟ್ಟಡ ಈಗ ಸಾಫ್ಟ್‌ವೇರ್ ಹುಡುಗಿಯರ ಪಿ.ಜಿ. ಗುಲಾಬಿ ಬಣ್ಣ ಹೊಡೆದಿದ್ದಾರೆ. ನಾನು ಪಿಯುಸಿ ಎರಡನೇ ಸಲಕ್ಕೆ ಪಾಸು ಮಾಡಿ, ಯಾರ ಜೀಪೂ ಇಲ್ಲದೆ ಬಸ್ಸಿನಲ್ಲಿ ಈ ಊರಿಗೆ ವಾಪಸ್ ಬಂದೆ. ಗಂಟಲು ಬಾಡಿಗೆಗೆ ಕೊಟ್ಟು ಬದುಕುತ್ತಿದ್ದೇನೆ. ಡಬ್ಬಿಂಗಿನಲ್ಲಿ ನನಗೆ ಬರುವ ಕೆಟ್ಟವರಿಗೆಲ್ಲ ಒಂದೇ ದನಿ ಕೊಡುತ್ತೇನೆ. ಒಂದು ಟೂತ್‌ಪೇಸ್ಟಿನ ಜಾಹೀರಾತಿನಲ್ಲಿ ಹಲ್ಲು ಕೊರೆಯುವ ಹುಳ ಮೆತ್ತಗೆ "ಪಾಪ" ಎನ್ನುತ್ತದಲ್ಲ, ಅದು ನಾನು. ಅಂದರೆ, ಅವರು. ಒಮ್ಮೆ ಇಂದಿರಾನಗರ ಮೆಟ್ರೋ ನಿಲ್ದಾಣದ ಎಸ್ಕಲೇಟರಿನಲ್ಲಿ ಸೆಕ್ರೆಟರಿ ಸರ್ ನನ್ನ ಮುಂದೆಯೇ ನಿಂತಿದ್ದರು, ಕೂದಲಿಗೆ ಬಣ್ಣ ಹಾಕಿದ್ದರು. ನಾನು ಹಿಂದಿನಿಂದ ಅವರದೇ ದನಿಯಲ್ಲಿ, ಅವರಿಗಷ್ಟೇ ಕೇಳುವಂತೆ, "ಪಾಪ, ಸ್ವೆಟರ್ ಬೇಕಂತೆ" ಎಂದೆ. ಅವರು ತಿರುಗಲಿಲ್ಲ. ಕೈಪಟ್ಟಿ ಬಿಗಿಯಾಗಿ ಹಿಡಿದುಕೊಂಡರು, ಕಿವಿ ಕೆಂಪಾಯಿತು. ಸಣ್ಣ ಕೆಲಸವೇ ಇರಬಹುದು. ನಾನು ಸಣ್ಣವನೇ. ಮೇಲೆ ಹೋಗಿ ಒಂದು ಕಾಫಿ ಕುಡಿದೆ, ಬಹಳ ರುಚಿಯಾಗಿತ್ತು.

ಅದನ್ನು ಆಯಮ್ಮನಿಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಹೇಳುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ಹೋದ ವರ್ಷ ಮಳೆ ಹಿಡಿಯುವ ಮೊದಲು, ಹಾಡಿಯಲ್ಲೇ. ಸುದ್ದಿ ಬಂದಾಗ ನಾನು ಸ್ಟುಡಿಯೋದಲ್ಲಿ ಯಾವುದೋ ಕಾರ್ಟೂನ್ ಕತ್ತೆಯ ದನಿಯಲ್ಲಿದ್ದೆ, ಫೋನಿನಲ್ಲಿ ಅದೇ ದನಿಯಲ್ಲಿ "ಯಾವಾಗ" ಎಂದು ಕೇಳಿದೆನಂತೆ. ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅವಳ ಮೂಗಿನ ನಗುವನ್ನು ಅವಳ ಮುಂದೆ ಒಂದು ಸಲ ಸರಿಯಾಗಿ ಮಾಡಿ ತೋರಿಸಬೇಕಿತ್ತು... ಈಗ ಕಲಿತರೂ ಸರಿಯೋ ತಪ್ಪೋ ಹೇಳುವವರು ಯಾರೂ ಇಲ್ಲ.

ಹಾಸ್ಟೆಲ್ಲಿನ ಗೇಟಿನಲ್ಲಿ ನಡೆದದ್ದೊಂದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಒಳ್ಳೆಯ ಐಟಂ ಕೊನೆಗಿಡುವುದು ನನ್ನ ಕೆಲಸದ ಚಾಳಿ. ಆ ಏಪ್ರಿಲಿನ ಬೆಳಿಗ್ಗೆ ಟ್ರಂಕುಗಳೆಲ್ಲ ಟೆಂಪೋಗೆ ಏರಿದ್ದವು. ಮಕ್ಕಳು ಹತ್ತಿ ಕೂತಿದ್ದರು, ನಾನು ಹಿಂದಿನ ಹಲಗೆಯ ಮೇಲೆ ನೇತಾಡುತ್ತಿದ್ದೆ. ಸೆಕ್ರೆಟರಿ ಸರ್ ಕಾರಿನಿಂದ ಇಳಿದರು. ಜೊತೆಗೆ ಆ ಮುಖ್ಯ ಅತಿಥಿ ಮೇಡಂ ಇದ್ದರು. ಸೆಕ್ರೆಟರಿ ಸರ್ ಟ್ರಂಕುಗಳನ್ನು ನೋಡಿದರು, ಖಾಲಿ ಕಿಟಕಿಗಳನ್ನು ನೋಡಿದರು. ಮೊದಲ ಸಲ ಅವರ ಬೆರಳು ಮೂಗಿನ ಹತ್ತಿರ ಹೋಗಲಿಲ್ಲ.

"ಆಯಮ್ಮ, ಮೇ ಕ್ಲಾಸಿಗೆ ಎಲ್ಲರನ್ನೂ ವಾಪಸ್ ಕರ್ಕೊಂಡು ಬರ್ತೀರಲ್ಲ?"

ಆಯಮ್ಮ ಟೆಂಪೋದ ಬಾಗಿಲು ಹಾಕಿ, ಚಿಲಕ ಸರಿಯಾಗಿ ಬಿತ್ತೇ ಎಂದು ಒಮ್ಮೆ ಎಳೆದು ನೋಡಿ, ತಿರುಗಿ ಹೇಳಿದಳು:

"ನೀವು ಅವ್ಳನ್ನ ಕರ್ಕೊಂಡು ಬನ್ನಿ ಸಾರ್. ಇವ್ರನ್ನ ನಾನು ಕರ್ಕೊಂಡು ಬರ್ತೀನಿ."